ಕಪಾಟಿಗೆ ಹಿಂಜಸ್ ತರುವ ಮೊದಲು ಇದನ್ನು ನೋಡಿಕೊಳ್ಳಿ

ನಮ್ಮ ಮನೆ ಮಲ್ಪೆ ಕಡಲಿಗೆ ಹತ್ತಿರ. ಅಡುಗೆಮನೆ ಕಪಾಟಿಗೆ ಮಾಮೂಲಿ ಆಟೋ ಹಿಂಜಸ್ (ಬಾಗಿಲನ್ನು ತಾನೇ ಎಳೆದು ಮುಚ್ಚುವ ಸ್ಪ್ರಿಂಗ್ ಕೀಲು) ಹಾಕಿಸಿದ್ದೆ. ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಾಗಿಲು ಜೋತುಬಿತ್ತು. ಉಡುಪಿ, ಮಂಗಳೂರಿನವರು ದಯವಿಟ್ಟು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ತನ್ನಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಉಪ್ಪುಗಾಳಿಗೆ ತಾಳುತ್ತದೆ.

ಅಂಗಡಿಯಲ್ಲಿ ‘ಎಷ್ಟು ಕ್ರ್ಯಾಂಕ್?’ ಅಂತ ಕೇಳುತ್ತಾರೆ, ಅಂದರೆ ಹಿಂಜಸ್ ತೋಳಿನ ಬಾಗು ಎಷ್ಟು ಅಂತ. ಸುಮ್ನೆ ಯಾವುದೋ ಒಂದು ತರಬೇಡಿ. ಬಾಗಿಲು ಪಕ್ಕದ ಹಲಗೆಯ ಅಂಚನ್ನು ಪೂರ್ತಿ ಮುಚ್ಚಿದರೆ 0. ನಡುವಿನ ಒಂದೇ ಹಲಗೆಯ ಮೇಲೆ ಎರಡು ಬಾಗಿಲು ಅರ್ಧರ್ಧ ಕೂತರೆ 8.

ಬಾಗಿಲಲ್ಲಿ ಹಿಂಜಸ್‌ನ ಕಪ್ (ದುಂಡು ಬಟ್ಟಲಿನಂಥ ಭಾಗ) ಕೂರುವ ಗುಂಡಿ 35 ಮಿ.ಮೀ. ಅಗಲ, ಆಳ ಸುಮಾರು 12. ಬಾಗಿಲ ಅಂಚಿಗೂ ಗುಂಡಿಗೂ ನಡುವೆ 3ರಿಂದ 5 ಮಿ.ಮೀ. ಬಿಡಬೇಕು. ನಿಮ್ಮ ಹಿಂಜಸ್ ಡಬ್ಬಿಯಲ್ಲಿನ ಅಳತೆಯನ್ನೂ ನೋಡಿ. ಆಚಾರಿಗೆ ಹೇಳಿ, ಮೊದಲು ಪ್ಲೈವುಡ್ ಚೂರಿನಲ್ಲಿ ಕೊರೆದು ತೋರಿಸಲಿ. ಬಿಟ್‌ನ ನಡುವಿನ ಮೊನೆ ಮುಂದಿನ ಲ್ಯಾಮಿನೇಟನ್ನು ಉಬ್ಬಿಸಿದರೆ ಆ ಬಾಗಿಲು ಹಾಳಾದ ಹಾಗೆ, ಅಲ್ವಾ?

ಕಪಾಟಿನ ಪಕ್ಕದ ಹಲಗೆಗೆ ಕೂರುವ ಪ್ಲೇಟಿನ ಸ್ಕ್ರೂ ಆ ಹಲಗೆಯ ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಬರಲಿ. ಕೊನೆಗೆ ಬಾಗಿಲು ವಾರೆ ಕಂಡರೆ ಬಿಚ್ಚಬೇಡಿ. ತೋಳಿನ ಮುಂದಿನ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಬಾಗಿಲು ಎಡಕ್ಕೋ ಬಲಕ್ಕೋ ಸರಿಯುತ್ತದೆ.