ಯೋಚನೆ ಬೇಡ, ಯೇಸುವನ್ನು ಸುಮ್ನೆ ನೋಡುತ್ತಾ ಕೂರಿ

ಬೆಳಗಿನ ಜಾವ ಟೊಮ್ಯಾಟೊ ತುಂಬಿದ ಟೆಂಪೋಗಳು ನಮ್ಮ ಬೀದಿ ಹಾದು ಕೋಲಾರದ ಮಂಡಿಗೆ ಹೋಗುತ್ತವೆ. ನಾನು ಪ್ರಾರ್ಥನೆಗೆ ಕೂರುವುದೂ ಆಗಲೇ. ಪೂರ್ತಿ ನಿಶ್ಶಬ್ದ ಸಿಕ್ಕರೆ ಕೂರುತ್ತೇನೆ ಅಂದುಕೊಂಡರೆ ಈ ಊರಲ್ಲಿ ಕೂತ ಹಾಗೇ.

ನಾನು ಹೇಳುತ್ತಿರುವುದು ಜಪಸರ ಅಲ್ಲ, ಬೇಡಿಕೆಯೂ ಅಲ್ಲ. ಅವೆರಡೂ ಇರಲಿ. ಫ್ರಾನ್ಸಿನ ಆರ್ಸ್ ಹಳ್ಳಿಯಲ್ಲಿ ಒಬ್ಬ ರೈತ ಚರ್ಚಿನಲ್ಲಿ ಪರಮಪ್ರಸಾದದ ಪೆಟ್ಟಿಗೆ ಮುಂದೆ, ಅಂದರೆ ಯೇಸುವೇ ಇದ್ದಾರೆ ಅಂತ ನಾವು ನಂಬುವ ರೊಟ್ಟಿ ಇಡುವ ಪೆಟ್ಟಿಗೆ ಮುಂದೆ, ಗಂಟೆಗಟ್ಟಲೆ ಕೂರುತ್ತಿದ್ದನಂತೆ. ಏನು ಮಾಡುತ್ತೀಯ ಅಂದರೆ, ‘ನಾನು ಅವರನ್ನು ನೋಡುತ್ತೇನೆ, ಅವರು ನನ್ನನ್ನು ನೋಡುತ್ತಾರೆ’ ಅಂದನಂತೆ. ಅಲ್ಲಿಯ ಗುರು ಸಂತ ಜಾನ್ ವಿಯಾನ್ನಿ (1786–1859) ಇದನ್ನು ಹೇಳುತ್ತಿದ್ದರು. ಅಷ್ಟೇ ವಿಷಯ. ಆದರೆ ಎರಡು ನಿಮಿಷ ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ಶುರು ಮಾಡೋಕೆ ಒಂದು ದೃಶ್ಯ ಬೇಕು. ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯ ತೆಗೆಯಿರಿ, ಸಮಾರಿಯದ ಬಾವಿ. ನಿಧಾನವಾಗಿ ಎರಡು ಸಲ ಓದಿ, ಪುಸ್ತಕ ಮುಚ್ಚಿ. ನಮ್ಮ ಕಡೆಯವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಅಡಿ ದಾಟಿದರೂ ಬೋರ್‌ನಲ್ಲಿ ಬರೀ ಧೂಳು ಬಂದದ್ದನ್ನು ನೋಡಿದವರು ನಾವು, ಮಧ್ಯಾಹ್ನದ ಬಿಸಿಲಲ್ಲಿ ಕೊಡ ಹೊತ್ತು ನಡೆಯುವುದು ಅಂದರೆ ಏನು ಅಂತ ಯಾರೂ ಕಲಿಸಬೇಕಿಲ್ಲ. ಯೇಸು ನಡೆದು ಸುಸ್ತಾಗಿ ಬಾವಿ ಹತ್ತಿರ ಕೂತಿದ್ದಾರೆ. ಮುಖ ಕಣ್ಣಿಗೆ ಕಟ್ಟದಿದ್ದರೆ ಪಾದ ನೋಡಿ. ಧೂಳು. ಒಡೆದ ಹಿಮ್ಮಡಿ. ನೀವೂ ಸ್ವಲ್ಪ ದೂರದಲ್ಲಿ ಕೂರಿ.

ನೀರು ಸೇದಲು ಬಂದ ಸಮಾರಿಯದ ಒಬ್ಬ ಹೆಂಗಸನ್ನು ‘ಕುಡಿಯಲು ನೀರು ಕೊಡು’ ಅಂತ ಯೇಸು ಕೇಳುತ್ತಾರೆ. ಬಾವಿ ಆಳ ಇದೆ, ಸೇದೋಕೆ ನಿಮ್ಮ ಹತ್ತಿರ ಏನೂ ಇಲ್ಲವಲ್ಲ ಅನ್ನುತ್ತಾಳೆ ಆ ಹೆಂಗಸು. ಮಾತು ಎಲ್ಲೆಲ್ಲೋ ಹೋಗುತ್ತೆ, ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡುತ್ತಾಳೆ. ಆದರೆ ಯೇಸು ನೀರು ಕುಡಿದರು ಅಂತ ಎಲ್ಲೂ ಬರೆದಿಲ್ಲ! ಎಷ್ಟೋ ವರ್ಷ ಓದಿದರೂ ನನಗೆ ಇದು ಹೊಳೆದಿರಲಿಲ್ಲ. ಹೊಳೆದ ದಿನ ಬೇರೇನೂ ಮಾಡಲಿಲ್ಲ, ಬಾಯಾರಿ ಕೂತಿರುವ ಅವರನ್ನೇ ನೋಡುತ್ತಾ ಕೂತೆ.

ಇಂಥ ಕಡೆ ನಿಂತುಬಿಡಿ. ಇದರಿಂದ ಏನು ಪಾಠ ಅಂತ ಹೊರಟರೆ ಕೆಟ್ಟಿತು. ಧರ್ಮೋಪದೇಶ ತರಗತಿ ತೆಗೆದುಕೊಳ್ಳುವ ನನಗೆ ಈ ರೋಗ ಜಾಸ್ತಿ, ಎಲ್ಲದರಲ್ಲೂ ಮೂರು ಅಂಶ ಕಾಣುತ್ತೆ. ಪ್ರೀತಿ ಉಕ್ಕಿದರೆ ಒಂದು ಮಾತು ಹೇಳಿ. ಉಕ್ಕದಿದ್ದರೆ ಹಿಂಡಿ ತೆಗೆಯಬೇಡಿ.

ಮನಸ್ಸು ಓಡುತ್ತೆ. ಸುಟ್ಟುಹೋದ ಮೋಟರ್, ಮಗಳ ಫೀಸು, ನಿನ್ನೆ ನಾದಿನಿ ಅಂದ ಮಾತು. ‘ಅಯ್ಯೋ ನಾನೆಂಥ ಪಾಪಿ’ ಅಂತ ಬೈದುಕೊಳ್ಳುತ್ತಾ ಕೂತರೆ ಅದೂ ಇನ್ನೊಂದು ಓಟ, ಅಲ್ವಾ? ‘ಪ್ರಭುವೇ’ ಅನ್ನಿ, ಬಾವಿ ಹತ್ತಿರ ವಾಪಸ್ ಬನ್ನಿ. ಹದಿನೈದು ನಿಮಿಷದಲ್ಲಿ ಇಪ್ಪತ್ತು ಸಲ ಬಂದರೂ ಪರವಾಗಿಲ್ಲ. ಅವಿಲಾದ ಸಂತ ತೆರೇಸಾ (1515–1582) ಪ್ರಾರ್ಥನೆಯ ಗುರು ಅನಿಸಿಕೊಂಡವರು. ಅವರೇ 18 ವರ್ಷ ಕೈಯಲ್ಲಿ ಪುಸ್ತಕ ಇಲ್ಲದೆ ಧ್ಯಾನಕ್ಕೆ ಕೂರಲು ಹೆದರುತ್ತಿದ್ದರು, ಗಂಟೆ ಯಾವಾಗ ಹೊಡೆಯುತ್ತೋ ಅಂತ ಕಾಯುತ್ತಿದ್ದದ್ದೂ ಉಂಟು. ಚಿತ್ರ ಕಲ್ಪಿಸಿಕೊಳ್ಳಲು ತನಗೆ ಬರೋದಿಲ್ಲ ಅಂತಲೂ ಬರೆದಿದ್ದಾರೆ. ನಿಮಗೂ ಬರದಿದ್ದರೆ ಕಣ್ಣು ತೆರೆದು ಶಿಲುಬೆ ನೋಡಿ, ಅಥವಾ ಪಕ್ಕದಲ್ಲಿ ಇದ್ದಾರೆ ಅಂತ ಗೊತ್ತಿದ್ದರೆ ಸಾಕು. ಕತ್ತಲಲ್ಲಿ ಕರೆಂಟು ಹೋದಾಗ ಪಕ್ಕದಲ್ಲಿ ಮನೆಯವರು ಇರುವುದು ಕಾಣದಿದ್ದರೂ ಗೊತ್ತಾಗುತ್ತಲ್ಲ, ಹಾಗೆ.

ಫೋನ್ ಅಡುಗೆಮನೆಯಲ್ಲಿ ಇರಲಿ. ಅಲಾರಂ ಅಲ್ಲಿಂದಲೂ ಕೇಳಿಸುತ್ತೆ. ಎದ್ದು ಹೋಗುವ ಮುಂಚೆ ಯೇಸುವಿಗೆ ಒಂದು ಮಾತು ಹೇಳಿ, ಪ್ರಭು ಕಲಿಸಿದ ಪ್ರಾರ್ಥನೆ ಹೇಳಿ ಮುಗಿಸಿ.

ನಾಳೆ ಹೊಸ ಅಧ್ಯಾಯಕ್ಕೆ ಹಾರಬೇಡಿ, ಅದೇ ದೃಶ್ಯಕ್ಕೆ ಬನ್ನಿ. ನಾನು ಒಂದು ಸಲ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಪೂರ್ತಿ ಆ ಬಾವಿ ಹತ್ತಿರವೇ ಇದ್ದೆ. ಅವಳು ಬಿಟ್ಟುಹೋದ ಕೊಡವನ್ನು ಇನ್ನೂ ಸರಿಯಾಗಿ ನೋಡಿಲ್ಲ.