ಲಾರ್ಸ್‌ಮನ್ ಹಿಲ್ಸ್: ಐದು ದೇಶಗಳ ನಕ್ಷೆಯನ್ನು ಬೆರೆಸದೆ ಜೋಡಿಸಿದ ಅನುಭವ

ಪೂರ್ವ ಅಂಟಾರ್ಕ್ಟಿಕಾದ ಲಾರ್ಸ್‌ಮನ್ ಹಿಲ್ಸ್‌ನಲ್ಲಿ ನಮ್ಮ ಭಾರತಿ, ಚೀನಾದ ಝೊಂಗ್‌ಶಾನ್, ರಷ್ಯಾದ ಪ್ರೊಗ್ರೆಸ್, ಆಸ್ಟ್ರೇಲಿಯಾ-ರೊಮೇನಿಯಾದ ಲಾ-ರಾಕೊವಿಟ್ಸಾ ನೆಲೆಗಳಿವೆ. 2007ರಿಂದ ಈ ಗುಡ್ಡಗಳಿಗೆ ವಿಶೇಷ ನಿರ್ವಹಣಾ ಪ್ರದೇಶದ ಕಟ್ಟುಪಾಡು. ಐದೂ ದೇಶಗಳ ದತ್ತಾಂಶವನ್ನು ಒಂದೇ ಟೇಬಲ್ಲಿಗೆ ಸುರಿದು ‘ಮಾಸ್ಟರ್’ ಪ್ರತಿ ಮಾಡಬೇಕು ಎಂಬುದು ಹೆಚ್ಚಿನವರ ಹಟ. ಬೇರೆ ಬೇರೆ ಇಟ್ಟರೆ ನಿಭಾಯಿಸಲಾಗದು ಎಂದರು. ನಿಭಾಯಿಸಿದ್ದೇನೆ, ಈಗಲೂ ಓಡುತ್ತಿದೆ.

ಒಂದೊಂದು ದೇಶಕ್ಕೆ ಒಂದು ಜಿಯೋಪ್ಯಾಕೇಜ್ (ನಕ್ಷೆ ದತ್ತಾಂಶವೆಲ್ಲ ಇರುವ ಒಂದೇ ಕಡತ). ಬಂದದ್ದು ಬಂದಂತೆಯೇ, ತಿದ್ದಲು ಬೀಗ. ಪಕ್ಕದಲ್ಲಿ ಒಂದೇ ಒಂದು ಕೊಂಡಿ ಟೇಬಲ್: ಸ್ಕಾರ್ (ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ) ಹೆಸರುಕೋಶದ ಸ್ಥಳ ಸಂಖ್ಯೆ, ಮೂಲ ದೇಶ, ಅವರದೇ ಕ್ರಮಸಂಖ್ಯೆ, ಸಮೀಕ್ಷೆಯ ವರ್ಷ, ಪರವಾನಗಿ. ನೋಡಲು ಕೂಡಿಸುವುದು ವ್ಯೂ (ಪ್ರತಿ ಮಾಡದೆ ಕೂಡಿಸಿ ತೋರಿಸುವ ನೋಟ) ಮಾತ್ರ, ಅದೂ ದುಂಡು ಭೂಮಿಯನ್ನು ಚಪ್ಪಟೆ ಮಾಡಿ ತೋರಿಸುವ ದಕ್ಷಿಣ ಧ್ರುವದ ಪ್ರೊಜೆಕ್ಷನ್ ಆದ ಇಪಿಎಸ್‌ಜಿ 3031ರಲ್ಲಿ. ಬೆರೆಸಿದ ಪ್ರತಿ ಸೋಲುವುದು ಎರಡನೇ ವರ್ಷ: ಒಂದು ದೇಶ ಹೊಸ ಫೈಲ್ ಕಳಿಸಿದಾಗ ಯಾವ ಸಾಲು ಅಳಿಸಬೇಕು, ಯಾವುದರ ಮೇಲೆ ಯಾರ ಷರತ್ತಿದೆ ಎಂದು ಹೇಳುವವರೇ ಇರುವುದಿಲ್ಲ.

ಹೆಸರು ನೋಡಿ ಜೋಡಿಸಬಾರದು. ಸ್ಕಾರ್ ಕೋಶದಲ್ಲಿ ಸುಮಾರು 37,000 ಹೆಸರುಗಳಿವೆ, ಸ್ಥಳಗಳು ಅದರ ಅರ್ಧದಷ್ಟು. ಒಂದೇ ಕೊಲ್ಲಿಗೆ ಎರಡು ಮೂರು ದೇಶ ಹೆಸರಿಟ್ಟಿವೆ. ಎರಡು ದಾಖಲೆ ಒಂದೇ ಸ್ಥಳದ್ದೇ ಎಂದು ತಿಳಿಯಲು ನಡುವಿನ ದೂರ ಮತ್ತು ವಸ್ತುವಿನ ಬಗೆ ಎರಡನ್ನೂ ಸೇರಿಸಿ ಅಂಕ ಕೊಡುತ್ತೇನೆ. ದ್ವೀಪಕ್ಕೆ ಒಂದು ಮಿತಿ, ಕೆರೆಗೆ ಇನ್ನೊಂದು. ಆ ಮಿತಿಗಳು ನನ್ನ ಬಳಿಯೇ ಇರಲಿ.

ಶೇಪ್‌ಫೈಲ್ (ನಕ್ಷೆ ದತ್ತಾಂಶದ ಹಳೆಯ ಕಡತ ಬಗೆ) ಬಂದರೆ ಮೊದಲು ನೋಡಬೇಕಾದದ್ದು ಅಕ್ಷರಗಳ ಸಂಕೇತ ಯಾವುದೆಂದು ಹೇಳುವ ಸಿಪಿಜಿ ಫೈಲ್. ಅದಿಲ್ಲದಿದ್ದರೆ ರಷ್ಯನ್ನಿಗೆ ವಿಂಡೋಸ್-1251, ಚೀನಿಗೆ ಜಿಬಿ18030 ಎಂದು ಕೈಯಾರೆ ಹೇಳಿ ತೆರೆಯಬೇಕು. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸೇವ್ ಆದರೆ ಹೆಸರು ಮರಳಿ ಬರುವುದಿಲ್ಲ. ಕಾಲಂ ಹೆಸರು ಹತ್ತು ಅಕ್ಷರಕ್ಕೆ ಕತ್ತರಿಸಿ ಹೋಗಿರುತ್ತದೆ, ಮೂಲ ಪಟ್ಟಿಯನ್ನು ಬೇರೆ ಕೇಳಿ ಪಡೆಯಿರಿ.

ಹೆಚ್ಚು ದಿನ ತಿಂದದ್ದು ಎತ್ತರ. ರೆಮಾ (ಉಪಗ್ರಹ ಚಿತ್ರಗಳಿಂದ ಮಾಡಿದ ಅಂಟಾರ್ಕ್ಟಿಕಾದ ಎತ್ತರದ ದತ್ತಾಂಶ) ಕೊಡುವುದು ಎಲಿಪ್ಸಾಯ್ಡಿನ (ಭೂಮಿಗೆ ಲೆಕ್ಕಕ್ಕಾಗಿ ಕೊಟ್ಟ ನುಣುಪು ಆಕಾರ) ಮೇಲಿನ ಎತ್ತರ, ಹಳೆಯ ಕಾಗದದ ನಕ್ಷೆಗಳದ್ದು ಸಮುದ್ರ ಮಟ್ಟದಿಂದ. ಖಂಡದ ಕೆಲವೆಡೆ ಇವೆರಡಕ್ಕೂ ಹತ್ತಾರು ಮೀಟರ್ ಅಂತರ. ಎಲಿಪ್ಸಾಯ್ಡಿಗೂ ಸಮುದ್ರ ಮಟ್ಟಕ್ಕೂ ಇರುವ ಅಂತರ ಹೇಳುವ ಇಜಿಎಂ2008 ಮಾದರಿಯನ್ನು ಕಳೆಯದೆ ಎರಡರ ಕಾಂಟೂರ್ (ಸಮಾನ ಎತ್ತರದ ಗೆರೆ) ಒಂದರ ಮೇಲೊಂದು ಹಾಕಿದರೆ ದಡ ನೀರಿನಿಂದ ಮೇಲೆದ್ದು ನಿಲ್ಲುತ್ತದೆ.

ವಿಸ್ತೀರ್ಣವನ್ನು 3031ರಲ್ಲಿ ಅಳೆಯಬೇಡಿ. ಅದರ ಅಳತೆ ಸರಿ ಬರುವುದು 71 ಡಿಗ್ರಿ ದಕ್ಷಿಣದಲ್ಲಿ. ಭಾರತಿ ಇರುವ 69.4ರಲ್ಲಿ ಉದ್ದ ಅರ್ಧ ಶೇಕಡಾ, ವಿಸ್ತೀರ್ಣ ಸುಮಾರು ಒಂದು ಶೇಕಡಾ ಹೆಚ್ಚು ಬರುತ್ತದೆ. ಲೆಕ್ಕಕ್ಕೆ ಈ ರೇಖಾಂಶ ಪಟ್ಟಿಯ ಪ್ರೊಜೆಕ್ಷನ್ ಯುಟಿಎಂ 43 ದಕ್ಷಿಣ ಸಾಕು.

ದಡದ ಗೆರೆಗೆ ತಾರೀಖು ಕಡ್ಡಾಯ. 2019ರ ಸೆಪ್ಟೆಂಬರಿನಲ್ಲಿ ಪಶ್ಚಿಮಕ್ಕಿರುವ ಎಮೆರಿ ಐಸ್ ಶೆಲ್ಫ್‌ನಿಂದ ಸುಮಾರು 1,600 ಚದರ ಕಿ.ಮೀ.ನ ಡಿ-28 ತುಂಡು ಕಳಚಿತು. ಹಿಂದಿನ ದಡ ಹಾಕಿದ ನಕ್ಷೆ ತೆರೆದ ನೀರನ್ನು ಹಿಮವೆಂದು ತೋರಿಸುತ್ತದೆ. ಇದೇ ಗುಡ್ಡಗಳ ಸ್ಟಾರ್ನೆಸ್ ಪರ್ಯಾಯ ದ್ವೀಪ 2014ರಿಂದ ವಿಶೇಷ ಸಂರಕ್ಷಿತ ಪ್ರದೇಶ, ಕಾಲಿಡಲು ಪರವಾನಗಿ ಬೇಕು. ಅಲ್ಲಿ ಗಡಿಯ ಗೆರೆ ನೂರು ಮೀಟರ್ ಸರಿದರೂ ಹೆಲಿಕಾಪ್ಟರ್ ಇಳಿಸುವವರಿಗೆ ತೊಂದರೆ.

ಖರ್ಚು? ನಕ್ಷೆಯ ತಂತ್ರಾಂಶಗಳಾದ ಕ್ಯೂಜಿಐಎಸ್, ಜಿಡಾಲ್, ರೆಮಾ, ಸ್ಕಾರ್‌ನ ಡಿಜಿಟಲ್ ದತ್ತಾಂಶ, ಎಲ್ಲವೂ ಉಚಿತ. ಆದರೆ 2 ಮೀಟರ್ ರೆಮಾದ 50 ಕಿ.ಮೀ. ಹಾಳೆಯೊಂದನ್ನು ಬಿಚ್ಚಿದರೆ ಎರಡೂವರೆ ಜಿಬಿ. ನಾಲ್ಕು ಟಿಬಿಯ ಎರಡು ಡಿಸ್ಕಿಗೆ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು. ದುಡ್ಡು ಕೊಟ್ಟು ತರಿಸುವ ಉಪಗ್ರಹ ಚಿತ್ರ ಈ ಕೆಲಸಕ್ಕೆ ದಂಡ: ಉಳಿದ ನಾಲ್ವರಿಗೆ ಹಂಚಲು ಷರತ್ತು ಸಾಮಾನ್ಯವಾಗಿ ಬಿಡುವುದಿಲ್ಲ.

ಇದೇ ಜೋಡಣೆಯನ್ನು ಉತ್ತರದಲ್ಲೂ ಹೂಡಿ ನೋಡಿದೆ, ನಮ್ಮ ಆರ್ಕ್ಟಿಕ್ ನೆಲೆ ಹಿಮಾದ್ರಿ ಇರುವ ನಾರ್ವೆಯ ನ್ಯೂ-ಓಲೆಸುಂಡ್ ಸುತ್ತ. ಆರ್ಕ್ಟಿಕ್ ದೇಶಗಳ ನಕ್ಷೆ ಸಂಸ್ಥೆಗಳ ಜಂಟಿ ಜಾಲವಾದ ಆರ್ಕ್ಟಿಕ್ ಎಸ್‌ಡಿಐ ಎಂಟು ದೇಶಗಳ ತಳನಕ್ಷೆಯನ್ನು ಸಿದ್ಧವಾಗಿಯೇ ಕೊಡುತ್ತದೆ. ಧ್ರುವದ ಸುತ್ತ ಆರು ಪ್ರೊಜೆಕ್ಷನ್‌ಗಳು, 3571ರಿಂದ 3576ರವರೆಗೆ. ಯುರೋಪಿನ ಕಡೆಗೆ 3575 ಕೇಳಬೇಕು. ಬೇರೆಯದರಲ್ಲಿ ತರಿಸಿ ನಮ್ಮ ಕಡೆ ತಿರುಗಿಸಿದರೆ ಚಿತ್ರದೊಳಗಿನ ಊರ ಹೆಸರುಗಳೆಲ್ಲ ಓರೆಯಾಗುತ್ತವೆ.

ನೆಲೆಗೆ ಕಳಿಸುವಾಗ ಇಡೀ ಪ್ಯಾಕೇಜ್ ಬೇಡ. ಬದಲಾದ ಸಾಲು ಮತ್ತು ಫೈಲ್ ಸರಿಯಾಗಿ ಬಂದಿದೆಯೇ ಎಂದು ತಾಳೆ ನೋಡುವ ಸಂಖ್ಯೆಯಾದ ಚೆಕ್‌ಸಮ್ ಕೆಲವೇ ನೂರು ಕೆಬಿ. ಚೆಕ್‌ಸಮ್ ತಾಳೆಯಾಗದಿದ್ದರೆ ಅವರ ವ್ಯೂ ಹಳೆಯದರಲ್ಲೇ ನಿಲ್ಲುತ್ತದೆ, ಅರ್ಧ ಬಂದದ್ದು ಒಳಗೆ ಸೇರುವುದಿಲ್ಲ.