ಐಸ್ ರಸ್ತೆಯಲ್ಲಿ ಕಾರು ಜಾರಿದರೆ: ಮೊದಲ ಚಳಿಗಾಲದವರಿಗೆ

ಹಿಮ ಬೀಳುವ ದೇಶಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಹೆದರುವುದು ಜೋರಾಗಿ ಸುರಿಯುವ ಹಿಮಕ್ಕೆ. ಆದರೆ ಹಿಮ ಕಣ್ಣಿಗೆ ಕಾಣುತ್ತದೆ, ಎಲ್ಲರೂ ತಾವಾಗಿಯೇ ನಿಧಾನವಾಗುತ್ತಾರೆ. ನಿಜಕ್ಕೂ ಹುಷಾರಾಗಿರಬೇಕಾದದ್ದು ಒಳ್ಳೆ ಬಿಸಿಲು ಬಿದ್ದು, ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುವ ಬೆಳಗಿನ ಹೊತ್ತು. ಹಿಂದಿನ ದಿನ ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ, ತೆಳ್ಳಗೆ ಗಾಜಿನ ಹಾಗೆ ಕೂತಿರುತ್ತದೆ. ಕೆಳಗಿನ ಡಾಂಬರು ಕಾಣುವುದರಿಂದ ರಸ್ತೆ ಸುಮ್ನೆ ಒದ್ದೆಯಾಗಿದೆ ಅನ್ನಿಸುತ್ತದೆ. ಇದೇ ಬ್ಲ್ಯಾಕ್ ಐಸ್. ಮೈನಸ್ 20 ಡಿಗ್ರಿಯ ಐಸ್‌ಗಿಂತ ಸೊನ್ನೆಯ ಹತ್ತಿರದ ಐಸ್ ಜಾಸ್ತಿ ಜಾರುತ್ತದೆ.

ಗುರುತು ಹಿಡಿಯಲು ಮುಂದಿನ ಕಾರಿನ ಚಕ್ರ ನೋಡಿ. ರಸ್ತೆ ಒದ್ದೆಯಾಗಿ ಕಂಡರೂ ಚಕ್ರದಿಂದ ನೀರು ಹಾರುತ್ತಿಲ್ಲ ಅಂದರೆ ಅದು ಐಸ್ ಇರಬಹುದು. ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗಿ, ಸ್ಟಿಯರಿಂಗ್ ಹಗುರ ಅನ್ನಿಸಿದರೆ ನೀವು ಆಗಲೇ ಅದರ ಮೇಲಿದ್ದೀರಿ. ಸೇತುವೆಗಳ ಮೇಲೂ ಕೆಳಗೂ ತಣ್ಣನೆ ಗಾಳಿ ಆಡುವುದರಿಂದ ಅಲ್ಲಿ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಕಾರಿನಲ್ಲಿ ಕಾಣುವ ಉಷ್ಣಾಂಶ ಗಾಳಿಯದ್ದು, ರಸ್ತೆಯದ್ದಲ್ಲ. ಅದು 2 ಡಿಗ್ರಿ ತೋರಿಸುತ್ತಿದ್ದರೂ ನೆಲದಲ್ಲಿ ಐಸ್ ಇರಬಹುದು.

ಕಾರು ಜಾರಿದೊಡನೆ ಪಳಗಿದ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ತಿರುವಿನಲ್ಲಿ ಜಾರುವಾಗ ಅದೇ ಎಡವಟ್ಟು. ಮೊದಲು ಎರಡೂ ಪೆಡಲ್‌ನಿಂದ ಕಾಲು ತೆಗೆಯಿರಿ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತಿದೆ ಅಂದರೆ ಮುಂದಿನ ಚಕ್ರ ಹಿಡಿತ ಬಿಟ್ಟಿದೆ. ಆಗ ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ. ಸ್ವಲ್ಪ ಸಡಿಲಿಸಿ, ಹಿಡಿತ ಬಂದ ಮೇಲೆ ಮೆಲ್ಲಗೆ ತಿರುಗಿಸಿ. ಹಿಂಭಾಗ ಬಲಕ್ಕೆ ಜಾರಿದರೆ ಸ್ಟಿಯರಿಂಗನ್ನೂ ಬಲಕ್ಕೆ ತಿರುಗಿಸಿ, ಎಡಕ್ಕೆ ಜಾರಿದರೆ ಎಡಕ್ಕೆ. ಕಾರು ನೆಟ್ಟಗಾಗುತ್ತಿದ್ದಂತೆ ಸ್ಟಿಯರಿಂಗನ್ನೂ ನೆಟ್ಟಗೆ ಮಾಡಿ. ತಡಮಾಡಿದರೆ ಕಾರು ಎದುರು ದಿಕ್ಕಿಗೆ ಬೀಸುತ್ತದೆ. ಈ ಎರಡನೇ ಬೀಸೇ ಹೆಚ್ಚು ಕಷ್ಟದ್ದು. ಕಣ್ಣು ಮಾತ್ರ ನೀವು ಹೋಗಬೇಕಾದ ಕಡೆಗಿರಲಿ. ಕಂಬವನ್ನೇ ನೋಡುತ್ತಾ ಕೂತರೆ ಕೈಯೂ ಆ ಕಡೆಗೇ ಎಳೆಯುತ್ತದೆ.

ನೇರ ರಸ್ತೆಯಲ್ಲಿ ನಿಲ್ಲಿಸಲೇಬೇಕಾದಾಗ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಡಿ ಗಡಗಡ ನಡುಗುತ್ತದೆ, ಕರಕರ ಸದ್ದೂ ಬರುತ್ತದೆ. ಏನೋ ಮುರಿಯಿತು ಅಂದುಕೊಂಡು ಗಾಬರಿಯಲ್ಲಿ ಕಾಲು ತೆಗೆಯಬೇಡಿ. ಅದು ಎಬಿಎಸ್ ತನ್ನ ಕೆಲಸ ಮಾಡುವ ರೀತಿ.

ಇದೆಲ್ಲ ಗೊತ್ತಿದ್ದರೂ ವೇಗ ಜಾಸ್ತಿ ಇದ್ದರೆ ಏನೂ ನಡೆಯುವುದಿಲ್ಲ. ಐಸ್ ಮೇಲೆ ಕಾರು ನಿಲ್ಲಲು ಒಣ ರಸ್ತೆಯ ಹತ್ತು ಪಟ್ಟು ದೂರ ಬೇಕಾಗಬಹುದು. ಮುಂದಿನ ಕಾರಿಗೂ ನಿಮಗೂ 8ರಿಂದ 10 ಸೆಕೆಂಡಿನ ಅಂತರ ಇರಲಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ ಬಿಡಿ. ವೇಗವನ್ನು ತಾನಾಗಿಯೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಹಾಕಬೇಡಿ.

ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಕಾರು ಇದೆ, ನಮಗೇನು ಚಿಂತೆ ಅನ್ನುವವರು ತುಂಬ ಜನ. ಅದು ಕಾರು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ದುಡ್ಡು ಹಾಕುವುದಾದರೆ ವಿಂಟರ್ ಟೈರಿಗೆ ಹಾಕಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತಾ ಹಿಡಿತ ಕಳೆದುಕೊಳ್ಳುತ್ತದೆ, ವಿಂಟರ್ ಟೈರಿನದ್ದು ಮೆತ್ತಗೇ ಉಳಿಯುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ನಾಲ್ಕೂ ಚಕ್ರಕ್ಕೆ ಹಾಕಿಸಬೇಕು. ಮುಂದೆ ಎರಡಕ್ಕೆ ಮಾತ್ರ ಹಾಕಿಸಿದರೆ ಹಿಂಭಾಗ ಇನ್ನೂ ಬೇಗ ಜಾರುತ್ತದೆ. ಚಳಿಗೆ ಟೈರಿನ ಗಾಳಿಯೂ ಇಳಿಯುತ್ತದೆ, ಆಗಾಗ ನೋಡಿಸಿ.

ಮಕ್ಕಳನ್ನು ಕಾರ್ ಸೀಟಿನಲ್ಲಿ ಕೂರಿಸುವಾಗ ದಪ್ಪ ಜಾಕೆಟ್ ಬಿಚ್ಚಿಸಿ, ಬೆಲ್ಟ್ ಬಿಗಿ ಮಾಡಿದ ಮೇಲೆ ಅದನ್ನು ಮೇಲಿಂದ ಹೊದಿಸಿ. ಅಪಘಾತವಾದಾಗ ಜಾಕೆಟ್ ಅಪ್ಪಚ್ಚಿಯಾಗಿ ಬೆಲ್ಟ್ ಸಡಿಲವಾಗುತ್ತದೆ.

ಕಾರು ಜಾರಿ ಹಿಮದ ರಾಶಿಯಲ್ಲಿ ಸಿಕ್ಕಿಕೊಂಡರೆ ಹಜಾರ್ಡ್ ಲೈಟ್ ಹಾಕಿ, ಸಹಾಯಕ್ಕೆ ಫೋನ್ ಮಾಡಿ. ಕಾರಿನ ಮುಂದೆ ಅಥವಾ ಹಿಂದೆ ನಿಂತು ತಳ್ಳಲು ಹೋಗಬೇಡಿ. ನಿಮ್ಮ ಕಾರು ಜಾರಿದ ಜಾಗದಲ್ಲೇ ಹಿಂದಿನಿಂದ ಬರುವ ಕಾರೂ ಜಾರಬಹುದು ಅಲ್ವಾ. ಹೀಟರ್‌ಗೆಂದು ಎಂಜಿನ್ ಓಡಿಸುವ ಮುಂಚೆ ಹೊಗೆ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಗೊತ್ತೇ ಆಗುವುದಿಲ್ಲ. ಹಿಮ ಬೀಳುತ್ತಲೇ ಇದ್ದರೆ ಆಗಾಗ ಮತ್ತೆ ನೋಡಿ, ಒಂದು ಕಿಟಕಿಯನ್ನು ಚೂರು ತೆರೆದಿಡಿ.